ಬೊಲಿವಾರ್ ಇಡೀ ಖಂಡವನ್ನು ಒಂದೇ ದೇಶ ಮಾಡಲು ಹೊರಟಿದ್ದನೇ?

ಪ್ರಶ್ನೆ: ಸಿಮೋನ್ ಬೊಲಿವಾರ್ ದಕ್ಷಿಣ ಅಮೆರಿಕವನ್ನೆಲ್ಲ ಒಂದೇ ದೇಶ ಮಾಡಲು ಹೋಗಿ ಸೋತನಂತೆ, ನಿಜವೇ?

ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕವೇ ತಪ್ಪಿದೆ. ದಕ್ಷಿಣ ಅಮೆರಿಕದ ಹಲವು ನಾಡುಗಳನ್ನು ಸ್ಪೇನಿನ ಆಳ್ವಿಕೆಯಿಂದ ಬಿಡಿಸಲು ಬೊಲಿವಾರ್ ಮಾಡಿದ ಯುದ್ಧಗಳ ಕಥೆಯನ್ನು ಇಲ್ಲಿ ಬಿಡೋಣ.

ಈ ನಂಬಿಕೆ ಹುಟ್ಟಿದ್ದು 1815ರ ಜಮೈಕಾ ಪತ್ರವನ್ನು ಅರ್ಧ ಓದಿದ್ದರಿಂದ. ಯುದ್ಧದಲ್ಲಿ ಸೋತು, ದೇಶ ಬಿಟ್ಟು ಬಂದಿದ್ದಾಗ ಬೊಲಿವಾರ್ ಬರೆದ ಪತ್ರ ಅದು. ಹೊಸ ಜಗತ್ತನ್ನೆಲ್ಲ (ಅಂದರೆ ಅಮೆರಿಕವನ್ನು) ಒಂದೇ ರಾಷ್ಟ್ರ ಮಾಡುವುದು ಭಾರಿ ದೊಡ್ಡ ವಿಚಾರ, ಹೇಗೂ ಭಾಷೆ ಒಂದೇ, ಧರ್ಮ ಒಂದೇ ಎನ್ನುತ್ತಾನೆ. ಎಲ್ಲರೂ ಇಲ್ಲಿಗೇ ಪತ್ರ ಮುಚ್ಚಿಡುತ್ತಾರೆ. ದಯವಿಟ್ಟು ಮುಂದಿನ ಸಾಲನ್ನೂ ಓದಿ. ಅದು ಆಗದ ಮಾತು, ಹವೆ ಬೇರೆ, ಹಿತ ಬೇರೆ, ಜನರ ಸ್ವಭಾವ ಬೇರೆ ಎಂದು ಅವನೇ ಹೇಳುತ್ತಾನೆ! ದೇಶಗಳನ್ನು ಒಟ್ಟುಗೂಡಿಸುವ ಪ್ರಯತ್ನ ಸೋತ ಮೇಲೆ ಹೊಳೆದ ಬುದ್ಧಿಯಲ್ಲ ಇದು, ಅದಕ್ಕಾಗಿ ಅವನು ಕರೆದ ಪನಾಮಾ ಸಭೆಗೆ 11 ವರ್ಷ ಮೊದಲೇ ಬರೆದದ್ದು.

ಗೊಂದಲಕ್ಕೆ ಇನ್ನೊಂದು ಕಾರಣ ಗ್ರಾನ್ ಕೊಲಂಬಿಯಾ. ಇಂದಿನ ವೆನೆಜುವೆಲಾ, ಕೊಲಂಬಿಯಾ, ಈಕ್ವೆಡಾರ್, ಪನಾಮಾ ಸೇರಿದ್ದ ಆ ದೇಶವನ್ನು ಅವನು ನಿಜಕ್ಕೂ ಕಟ್ಟಿದ. ಆದರೆ ಅದು ಇಡೀ ಖಂಡವಲ್ಲ ಅಲ್ವಾ?

ಖಂಡಕ್ಕೆ ಅವನು ಬಯಸಿದ್ದು ಒಕ್ಕೂಟ. ದೇಶಗಳು ಬೇರೆಬೇರೆಯಾಗಿಯೇ ಇರಲಿ, ಒಂದು ಕಡೆ ಕೂತು ಮಾತಾಡಲಿ, ಹೊರಗಿನವರು ಮೇಲೆ ಬಿದ್ದರೆ ಕೂಡಿ ನಿಲ್ಲಲಿ. 1826ರ ಜೂನ್ 22ರಂದು ಪನಾಮಾದಲ್ಲಿ ಸಭೆ ಶುರುವಾಯಿತು. ಬಂದದ್ದು ನಾಲ್ಕೇ: ಗ್ರಾನ್ ಕೊಲಂಬಿಯಾ, ಪೆರು, ಮೆಕ್ಸಿಕೊ, ಮಧ್ಯ ಅಮೆರಿಕ. 60,000 ಸೈನಿಕರ ಜಂಟಿ ಪಡೆಗೂ ಒಪ್ಪಂದವಾಯಿತು. ಕೊನೆಗೆ ಅದನ್ನು ಅಂಗೀಕರಿಸಿದ್ದು ಗ್ರಾನ್ ಕೊಲಂಬಿಯಾ ಒಂದೇ. 1830ರ ಹೊತ್ತಿಗೆ ಅದೂ ಒಡೆಯಿತು.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ. ನನಗೆ ಅದೇ ಜಾಸ್ತಿ ಮುಖ್ಯ: ಸಭೆಗೆ ಯಾರನ್ನು ಕರೆಯಲಿಲ್ಲ? ಹೈಟಿಯನ್ನು. ಗುಲಾಮರೇ ದಂಗೆಯೆದ್ದು 1804ರಲ್ಲಿ ಸ್ವತಂತ್ರ ಮಾಡಿಕೊಂಡ ದೇಶ ಅದು. ಬೊಲಿವಾರ್ ಬರಿಗೈಯಲ್ಲಿ ಬಂದು ನಿಂತಾಗ ಹೈಟಿಯ ಅಧ್ಯಕ್ಷ ಪೆತಿಯೋಂ ಬಂದೂಕು, ಮದ್ದುಗುಂಡು ಎಲ್ಲ ಕೊಟ್ಟಿದ್ದ. ಅದಕ್ಕೆ ಪ್ರತಿಯಾಗಿ ಕೇಳಿದ್ದು ಒಂದೇ, ಗೆದ್ದ ಕಡೆಯೆಲ್ಲ ಗುಲಾಮರನ್ನು ಬಿಡುಗಡೆ ಮಾಡು ಎಂದು. ಎಂಟೊಂಬತ್ತು ವರ್ಷ ಕಳೆದು ಪನಾಮಾ ಸಭೆಗೆ ಕರೆಯೋಲೆಗಳು ಹೋದಾಗ ಹೈಟಿಗೆ ಒಂದೂ ಹೋಗಲಿಲ್ಲ.