ಮಕ್ಕಳು ಮನೆ ಬಿಟ್ಟ ಮೇಲೆ ಅಮ್ಮನ ಮಿದುಳು

ಬೆಳೆದ ಮಕ್ಕಳು ಮನೆ ಬಿಟ್ಟು ಹೋದ ಮೇಲೆ ಅಮ್ಮಂದಿರು ಪಡುವ ಪಾಡನ್ನು ಇಟ್ಟುಕೊಂಡು ಮಾಡಿದ ಹಾಸ್ಯಚಿತ್ರ ಅಂದರೆ ಒಂದು ದೃಶ್ಯ ಊಹಿಸಬಹುದು. ಮಗ ಫೋನ್ ಎತ್ತುವುದಿಲ್ಲ. ಅಮ್ಮ ಹೇಳದೆ ಕೇಳದೆ ಅವನ ಬಾಗಿಲಿಗೇ ಬಂದು ನಿಲ್ಲುತ್ತಾಳೆ. ಒಳಗೆ ಬಂದವಳೇ ಕುರ್ಚಿ ಮೇಲೆ ಬಿದ್ದಿರುವ ಬಟ್ಟೆ ಮಡಚಲು ಶುರು ಮಾಡುತ್ತಾಳೆ. ನಗು ಬರುತ್ತದೆ, ಸರಿ. ಆದರೆ ಆ ಕೈಗಳು ಸುಮ್ನೆ ಮಡಚುತ್ತಿಲ್ಲ.

ಇಪ್ಪತ್ತು ವರ್ಷ ರೂಢಿಯಾದದ್ದನ್ನು ಮಿದುಳು ಒಂದೇ ದಿನಕ್ಕೆ ಬಿಡುತ್ತದಾ? ಸಂಜೆಯಾದರೆ ಕಿವಿ ಬಾಗಿಲ ಸದ್ದಿಗೆ ಕಾಯುತ್ತದೆ. ಊಟದ ಹೊತ್ತಿಗೆ ಕೈ ಒಂದು ತಟ್ಟೆ ಜಾಸ್ತಿ ತೆಗೆಯುತ್ತದೆ. ಮುಂದೇನು ಬರಲಿದೆ ಎಂದು ಮಿದುಳು ಸದಾ ಲೆಕ್ಕ ಹಾಕುತ್ತಿರುತ್ತದೆ. 1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದು ಸೊಗಸಾಗಿ ಕಂಡಿತು. ಸೂಚನೆ ಸಿಕ್ಕ ಮೇಲೆ ಹಣ್ಣಿನ ರಸ ಬರುತ್ತದೆ ಎಂದು ಕೋತಿ ಕಲಿತಿರುತ್ತದೆ. ಒಮ್ಮೆ ರಸ ಕೊಡದೇ ಹೋದರೆ, ಅದು ಬರಬೇಕಿದ್ದ ಆ ಕ್ಷಣಕ್ಕೇ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆ ಮಾಡುವ ನರಕೋಶಗಳ ಚಟುವಟಿಕೆ ಕುಸಿಯುತ್ತದೆ. ಬರಬೇಕಾದದ್ದು ಬರಲಿಲ್ಲ ಎಂಬುದನ್ನೂ ಮಿದುಳು ಗುರುತು ಹಾಕಿಕೊಳ್ಳುತ್ತದೆ ಅಂತಾಯಿತು. ಮನುಷ್ಯರ ಅಗಲಿಕೆ ಇದಕ್ಕಿಂತ ಎಷ್ಟೋ ಪಟ್ಟು ತೊಡಕಿನದು, ನಿಜ. ಆದರೂ ಖಾಲಿ ಕೋಣೆ ಮಕ್ಕಳು ಮನೆಗೆ ಬರುತ್ತಿದ್ದ ಹೊತ್ತಿಗೇ ಯಾಕೆ ಜಾಸ್ತಿ ಕಾಡುತ್ತದೆ ಎಂಬುದಕ್ಕೆ ಇಲ್ಲೊಂದು ಸುಳಿವಿದೆ.

ಹಾಗಾದರೆ ಇದು ಕಾಯಿಲೆಯಾ? 'ಖಾಲಿ ಗೂಡಿನ ಸಿಂಡ್ರೋಮ್' ಎಂಬ ಹೆಸರೇನೋ ಇದೆ. ಆದರೆ ಅಮೆರಿಕದ ಮನೋವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯಲ್ಲಿ ಅಂಥ ಕಾಯಿಲೆ ಇಲ್ಲ. ಈ ಹೆಸರು ಅಷ್ಟು ಭಾರವಾಗಿ ಕೇಳಿಸಲು, ಸಂಶೋಧಕರು ಮೊದಮೊದಲು ಯಾರನ್ನು ಮಾತಾಡಿಸಿದರು ಎಂಬುದೂ ಒಂದು ಕಾರಣ ಅನಿಸುತ್ತದೆ. ಸಮಾಜಶಾಸ್ತ್ರಜ್ಞೆ ಪಾಲಿನ್ ಬಾರ್ಟ್ 1970ರ ಸುಮಾರಿಗೆ ಮಾನಸಿಕ ಆಸ್ಪತ್ರೆ ಸೇರಿದ್ದ ನಡುವಯಸ್ಸಿನ ಹೆಂಗಸರ ಅಧ್ಯಯನ ಪ್ರಕಟಿಸಿದರು. ಮಕ್ಕಳೇ ಸರ್ವಸ್ವ ಅಂತ ಬದುಕಿದವರಲ್ಲಿ ಖಿನ್ನತೆ ಜಾಸ್ತಿ ಕಂಡಿತ್ತು. ದೊಡ್ಡ ಕೆಲಸವೇ ಅದು. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತದ ಅಮ್ಮಂದಿರ ಕಥೆ ಅದರಲ್ಲಿ ಸಿಗುವುದಿಲ್ಲ, ಅಲ್ವಾ?

ಆಸ್ಪತ್ರೆಯ ಹೊರಗಿನ ಅಮ್ಮಂದಿರನ್ನು ಕೇಳಿದಾಗ ಬೇರೆಯದೇ ಚಿತ್ರ ಬಂತು. 1978ರಲ್ಲಿ ಎಲಿಜಬೆತ್ ಹಾರ್ಕಿನ್ಸ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಕ್ಕಳು ಹೋದದ್ದರ ಪರಿಣಾಮ ಸಣ್ಣದು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೂ ಬಹುಮಟ್ಟಿಗೆ ಮಾಯ. ಅಮ್ಮಂದಿರ ನೆಮ್ಮದಿ ಕೆಡಿಸಬಹುದಾದ ಸಂಗತಿ ಒಂದೇ: ಸ್ವಂತ ಕಾಲ ಮೇಲೆ ನಿಲ್ಲಬೇಕಾದ ಹೊತ್ತಿಗೆ ಮಗ ಅಥವಾ ಮಗಳು ನಿಲ್ಲದೇ ಹೋಗುವುದು! ನನಗೆ ಇದು ತುಂಬ ಇಷ್ಟವಾದ ಫಲಿತಾಂಶ. ಅಮ್ಮನಿಗೆ ಬೇಕಾದದ್ದು ಮಕ್ಕಳು ಮನೆಯಲ್ಲಿರುವುದಲ್ಲ, ಚೆನ್ನಾಗಿರುವುದು.

ಹಾಗಂತ ಎಲ್ಲ ಬೇಸರವನ್ನೂ ತಳ್ಳಿಹಾಕುವಂತಿಲ್ಲ. ನಿದ್ದೆ, ಹಸಿವು ವಾರಗಟ್ಟಲೆ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲ ಅನ್ನುವಂತಾದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಡಾಕ್ಟರ ಹತ್ತಿರ ಹೋಗಲೇಬೇಕು.

ಸಿನಿಮಾಗಳು ಮರೆಯುವ ಇನ್ನೊಂದು ಪಾತ್ರ ಗಂಡ. ಸಾರಾ ಗೋರ್ಚಾಫ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನ, ಅಮೆರಿಕದ ಮಿಲ್ಸ್ ಕಾಲೇಜಿನಲ್ಲಿ ಓದಿದ ಮಹಿಳೆಯರ ನಡುವಯಸ್ಸಿನ 18 ವರ್ಷಗಳನ್ನು ಗಮನಿಸಿತ್ತು. ಮಕ್ಕಳು ಹೊರಟ ಮೇಲೆ ದಾಂಪತ್ಯದ ತೃಪ್ತಿ ಹೆಚ್ಚಿತ್ತು. ಗಂಡನ ಜೊತೆ ಕಳೆಯುವ ಸಮಯ ಜಾಸ್ತಿ ಆಗಿದ್ದಕ್ಕಲ್ಲ, ಆ ಸಮಯ ಮೊದಲಿಗಿಂತ ಖುಷಿ ಕೊಡುತ್ತಿದ್ದುದಕ್ಕೆ. ಇದನ್ನೇ ಕಥೆ ಮಾಡಿದ ಹಾಸ್ಯಚಿತ್ರ ಬಂದರೆ ನಾನಂತೂ ಮೊದಲ ದಿನವೇ ನೋಡುತ್ತೇನೆ.