‘ಬಬಬಾ ಬ?’: ಫಿಲಿಪಿನೋ ಕಲಿಯಲು ಸ್ಪ್ಯಾನಿಷ್ ಬೇಕೇ?

ಪ್ರಶ್ನೆ: ಮಗಳು ವೈದ್ಯಕೀಯ ಓದಲು ಫಿಲಿಪ್ಪೀನ್ಸ್‌ನ ದಾವಾವ್‌ಗೆ ಹೊರಟಿದ್ದಾಳೆ. ದಿನಬಳಕೆಗೆ ನಾಲ್ಕು ಮಾತು ಫಿಲಿಪಿನೋ ಕಲಿತಿರಬೇಕಂತೆ. ಅದು ಸ್ಪ್ಯಾನಿಷ್‌ನದೇ ಒಂದು ರೂಪವಲ್ಲವೇ? ಮೊದಲು ಸ್ಪ್ಯಾನಿಷ್ ಕಲಿಸಿದರೆ ಎರಡೂ ಬಂದಂತಾಯಿತಲ್ಲ?

ಎಷ್ಟನೇ ಸಲ ಇದಕ್ಕೆ ಉತ್ತರ ಬರೆಯುತ್ತಿದ್ದೇನೋ, ಎಣಿಸುವುದನ್ನು ಬಿಟ್ಟಿದ್ದೇನೆ. ಕೇಳುವವರ ಊರು ಬದಲಾಗುತ್ತದೆ, ಸ್ಪ್ಯಾನಿಷ್ ಮಾತ್ರ ಬದಲಾಗುವುದಿಲ್ಲ.

ನಾಲ್ಕು ಮಾತಿನ ವಿಷಯ ಬೇಗ ಮುಗಿಸಿಬಿಡುತ್ತೇನೆ. ಬೆಳಿಗ್ಗೆ ಎದುರಾದವರಿಗೆ ‘ಮಗಂದಾಂಗ್ ಉಮಾಗಾ ಪೊ’. ಉಪಕಾರಕ್ಕೆ ‘ಸಲಾಮತ್ ಪೊ’. ಬೆಲೆ ಕೇಳಲು ‘ಮಗ್ಕಾನೊ ಪೊ?’. ಜೀಪ್ನಿ ಎಂಬ ಅಲ್ಲಿನ ಪುಟ್ಟ ಬಸ್ಸಿನಲ್ಲಿ ಎದುರುಬದುರು ಕುಳಿತವರ ಕೈಯಿಂದ ಕೈಗೆ ಚಿಲ್ಲರೆಯನ್ನು ಚಾಲಕನತ್ತ ದಾಟಿಸುವಾಗ ‘ಬಾಯದ್ ಪೊ’, ಇಳಿಯಬೇಕಾದಾಗ ‘ಪಾರಾ ಪೊ’. ಆ ‘ಪೊ’ ತಮಿಳು ತೆಲುಗು ಬಲ್ಲವರಿಗೆ ‘ಹೋಗು’ ಎಂದು ಗದರಿದಂತೆ ಕೇಳಿಸೀತು. ನಿಜವಾಗಿ ಅದು ಧಾರವಾಡದ ‘ರೀ’. ಹಿರಿಯರಿಗೆ, ಅಪರಿಚಿತರಿಗೆ ಹಚ್ಚುವುದು, ಮಕ್ಕಳಿಗೆ ಹಚ್ಚಿದರೆ ನಗುತ್ತಾರೆ. ಚಾಲಕ ‘ಕೂಯಾ’, ಅಂದರೆ ಅಣ್ಣ. ಊಟ ಬಡಿಸುವಾಕೆ ‘ಆತೆ’, ಅಕ್ಕ. ಈ ಎರಡೂ ಪದಗಳು ಚೀನೀ ವ್ಯಾಪಾರಿಗಳ ಹೊಕಿಯನ್ ಮಾತಿನಿಂದ ಬಂದವು, ಸ್ಪ್ಯಾನಿಷ್‌ನಿಂದಲ್ಲ.

ಇನ್ನು ಆ ಸ್ಪ್ಯಾನಿಷ್. ಸ್ಪೇನ್ 1565ರಿಂದ 1898ರವರೆಗೆ ಅಲ್ಲಿ ಆಳಿದ್ದು ಹೌದು. ‘ಕುಮುಸ್ತಾ’ ಎಂಬ ಕ್ಷೇಮಸಮಾಚಾರ, ಚಮಚಕ್ಕೆ ‘ಕುತ್ಸಾರಾ’, ಕಿಟಕಿಗೆ ‘ಬಿಂತಾನಾ’, ವಾರದ ಹೆಸರುಗಳು, ಗಂಟೆ ಹೇಳುವ ಅಂಕಿಗಳು ಅವರಿಂದ ಬಂದದ್ದೂ ಹೌದು. ಮುನ್ನೂರು ವರ್ಷ ಆಳಿದವರ ಭಾಷೆಯೇ ಜನರ ಬಾಯಲ್ಲಿ ಕೂತಿರಬೇಕು ಎಂದು ಊಹಿಸುವುದು ಸಹಜ, ಆದರೆ ನಡೆದದ್ದು ಬೇರೆ. ಪಾದ್ರಿಗಳು ಜನರಿಗೆ ಸ್ಪ್ಯಾನಿಷ್ ಕಲಿಸುವ ಬದಲು ತಾವೇ ಜನರ ಭಾಷೆ ಕಲಿತು ಬೋಧಿಸಿದರು. 1593ರಲ್ಲಿ ಮನಿಲಾದಲ್ಲಿ ಅಚ್ಚಾದ ಕ್ರೈಸ್ತ ಬೋಧನೆಯ ಪುಸ್ತಕದಲ್ಲಿ ಸ್ಪ್ಯಾನಿಷ್ ಜೊತೆಗೆ ಮನಿಲಾ ಸುತ್ತಲಿನ ಜನರ ಭಾಷೆಯಾದ ತಗಾಲೋಗ್ ಇದೆ, ಅದೂ ಅಲ್ಲಿನ ಬೈಬಾಯಿನ್ ಲಿಪಿಯಲ್ಲಿ. ಆಮೇಲೆ ಬಂದ ಅಮೆರಿಕನ್ನರು ಶಾಲೆಗಳಲ್ಲಿ ಇಂಗ್ಲಿಷ್ ಹಾಕಿದರು. ತಗಾಲೋಗ್ ತಳಹದಿಯ ಮೇಲೆ ಕಟ್ಟಿದ ಫಿಲಿಪಿನೋವನ್ನು 1987ರ ಸಂವಿಧಾನ ರಾಷ್ಟ್ರಭಾಷೆ ಎಂದಿತು. ಸ್ಪ್ಯಾನಿಷ್ ಬೇಕಾದವರು ಕಲಿಯುವ ಐಚ್ಛಿಕ ಭಾಷೆಯಾಗಿ ಉಳಿಯಿತು. ಸ್ಪ್ಯಾನಿಷ್ ಬೇರಿನ ಭಾಷೆಯೇ ಬೇಕೆಂದು ಹಟವಿದ್ದರೆ ಜಾಂಬೊಆಂಗಾಕ್ಕೆ ಹೋಗಿ, ಅಲ್ಲಿ ಚವಕಾನೊ ಆಡುತ್ತಾರೆ.

ನಮ್ಮ ಮನೆಯ ಚಾವಿ, ಅಲಮಾರು, ತಿಂಗಳ ಪಗಾರ, ಇವೆಲ್ಲ ಪೋರ್ಚುಗೀಸ್ ಮೂಲದವು. ಹಾಗೆಂದು ಪಗಾರ ಎಣಿಸುವವರೆಲ್ಲ ಲಿಸ್ಬನ್‌ನಲ್ಲಿ ಸಂಸಾರ ಹೂಡಬಲ್ಲರೇ? ‘ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡೆ’ ಎಂದ ಮಾತ್ರಕ್ಕೆ ಕನ್ನಡ ಇಂಗ್ಲಿಷ್ ಆಗುವುದಿಲ್ಲ. ಪದ ನೆಂಟ, ವ್ಯಾಕರಣ ಮನೆಯ ಯಜಮಾನ. ಫಿಲಿಪಿನೋದ ಯಜಮಾನ ಮಲಯ, ಜಾವಾನೀಸ್ ಭಾಷೆಗಳ ಆಸ್ಟ್ರೋನೇಷಿಯನ್ ಕುಟುಂಬದವನು. ತಿನ್ನುವುದಕ್ಕೆ ಧಾತು ‘ಕಾಇನ್’. ತಿಂದಾಯಿತೆಂದರೆ ‘ಕುಮಾಇನ್’: ಪ್ರತ್ಯಯ ಬಾಲಕ್ಕಲ್ಲ, ಹೊಟ್ಟೆಯೊಳಕ್ಕೆ ತೂರಿತು. ತಿನ್ನುತ್ತಿದ್ದರೆ ‘ಕುಮಾಕಾಇನ್’, ಇನ್ನು ತಿನ್ನಬೇಕಿದ್ದರೆ ‘ಕಾಕಾಇನ್’. ಸ್ಪೇನಿನಿಂದ ಬಂದ ‘ತ್ರಬಾಹೊ’ ಕೂಡ ಅಲ್ಲಿ ಇದೇ ಶಿಸ್ತಿಗೆ ಬೀಳಬೇಕು. ಕೆಲಸ ಮಾಡುತ್ತಿದ್ದೇನೆ ಎನ್ನಲು ಅದು ‘ನಗ್‌ತತ್ರಬಾಹೊ’ ಆಗುತ್ತದೆ. ಮ್ಯಾಡ್ರಿಡ್‌ನವರು ಕೇಳಿದರೆ ತಮ್ಮ ಪದವೆಂದು ಗುರುತಿಸುವುದೂ ಕಷ್ಟ.

ಬರೀ ಉಪಯೋಗವಿಲ್ಲ ಎಂದಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಸ್ಪ್ಯಾನಿಷ್ ದಾರಿ ತಪ್ಪಿಸುತ್ತದೆ ಕೂಡ. ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿತು ಮನಿಲಾಕ್ಕೆ ಬಂದಿದ್ದ ನನ್ನ ಗೆಳೆಯನೊಬ್ಬ ಎ.ಸಿ. ರಿಪೇರಿಯವನಿಗೆ ‘ನಾಳೆ ಬರುತ್ತೀಯಾ?’ ಎಂದು ಕೇಳಿದ. ಆತ ‘ಸಿಗೂರೊ’ ಎಂದ. ಸ್ಪ್ಯಾನಿಷ್‌ನಲ್ಲಿ ಅದು ‘ಖಂಡಿತ’. ಗೆಳೆಯ ರಜೆ ಹಾಕಿ, ಬೆವರು ಒರೆಸಿಕೊಳ್ಳುತ್ತ ಸಂಜೆಯವರೆಗೆ ಬಾಗಿಲು ಕಾದ. ಫಿಲಿಪಿನೋದಲ್ಲಿ ‘ಸಿಗೂರೊ’ ಎಂದರೆ ‘ಬಹುಶಃ’. ಆ ಬಡಪಾಯಿ ಸುಳ್ಳು ಹೇಳಿರಲಿಲ್ಲ. ಹಾಗೆಯೇ ಸ್ಪ್ಯಾನಿಷ್‌ನ ‘ಯಾವಾಗಲೂ’ ಇಲ್ಲಿಗೆ ಬರುವಷ್ಟರಲ್ಲಿ ‘ಶೆಂಪ್ರೆ’ ಎಂದಾಗಿ ‘ಮತ್ತಿನ್ನೇನು’ ಎಂಬ ಅರ್ಥ ತಳೆದಿದೆ.

ಕನ್ನಡ ಬಲ್ಲವರಿಗೆ ಇದಕ್ಕಿಂತ ಹತ್ತಿರದ ದಾರಿಯಿದೆ. ಇಂಗ್ಲಿಷ್‌ನಿಂದ ಹೋದವರು ತಿಂಗಳುಗಟ್ಟಲೆ ಒದ್ದಾಡುವ ಜಾಗ ನಿಷೇಧ. ನಮಗೆ ಮೂರೂ ಮೊದಲೇ ಗೊತ್ತು: ‘ಹಿಂದೀ’ ಎಂದರೆ ಅಲ್ಲ, ‘ವಲಾ’ ಎಂದರೆ ಇಲ್ಲ, ‘ಆಯಾವ್’ ಎಂದರೆ ಬೇಡ. (ನಿಮಗೆ ಹಿಂದಿ ಬರುತ್ತದೆಯೇ ಎಂದು ಕೇಳಿ ‘ಹಿಂದೀ’ ಎಂಬ ಉತ್ತರ ಪಡೆದ ಭಾರತೀಯರು ತಮ್ಮ ತಮಾಷೆಯನ್ನು ತಮ್ಮಲ್ಲೇ ಇಟ್ಟುಕೊಳ್ಳಲಿ, ಅಲ್ಲಿನವರು ಅದನ್ನು ಸಾವಿರ ಸಲ ಕೇಳಿದ್ದಾರೆ.) ಯಾರೋ ಹೇಳಿದ ಮಾತನ್ನು ದಾಟಿಸುವಾಗ ನಾವು ‘ಬರುತ್ತಾನಂತೆ’ ಎನ್ನುತ್ತೇವಲ್ಲ, ಆ ‘ಅಂತೆ’ಯ ಕೆಲಸವನ್ನು ಅಲ್ಲಿ ‘ದಾವ್’ ಮಾಡುತ್ತದೆ. ಪ್ರಶ್ನೆಗೆ ನಾವು ‘ಏ’ ಹಚ್ಚಿದಂತೆ ಅವರು ‘ಬ’ ಹಚ್ಚುತ್ತಾರೆ. ‘ಊಟ ಆಯಿತೇ?’ ಎಂದು ಮಾತು ತೆಗೆಯುವ ನಮ್ಮ ಅಭ್ಯಾಸ ಅಲ್ಲೂ ಉಂಟು: ‘ಕುಮಾಇನ್ ಕ ನ ಬ?’ ನಾವು ಆಡದೇ ಮರೆತಿರುವ ಒಂದು ಅಕ್ಷರಕ್ಕೂ ಅಲ್ಲಿ ಉದ್ಯೋಗವಿದೆ. ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ಙ ಅಲ್ಲಿ ಪದದ ಮೊದಲಿಗೇ ಬರುತ್ತದೆ. ‘ಈಗ’ ಎನ್ನಲು ‘ಙಯೋನ್’.

ನನ್ನ ಮೊದಲ ವಾರದಲ್ಲಿ ಹದಿನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಹೊರಗಿದ್ದಾಕೆ ‘ಬಬಬಾ ಬ?’ ಎಂದಳು. ಒಳಗಿದ್ದಾತ ‘ಬಬಬಾ’ ಎಂದ. ಬಾ ಬಾ ಎಂದು ನನ್ನನ್ನೇ ಕರೆಯುತ್ತಿದ್ದಾರೆಂದು ತಿಳಿದು ಆಕೆಗಿಂತ ಮೊದಲು ನಾನೇ ನುಗ್ಗಿದೆ, ನನಗೆ ಮೇಲೆ ಹೋಗಬೇಕಿತ್ತು. ‘ಕೆಳಗೆ ಹೋಗುತ್ತದೆಯೇ?’ ‘ಹೋಗುತ್ತದೆ’, ಅಷ್ಟೇ ಅವರು ಮಾತಾಡಿದ್ದು.

‘ಹಾಗಾದರೆ ಸಂಸ್ಕೃತ ಪದಗಳು ಇವೆಯೇ?’ ಎಂದು ನೀವು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಸ್ಪ್ಯಾನಿಷ್‌ಗಿಂತ ಇದು ಹೆಚ್ಚು ಹಳೆಯ ಕಥೆ. ಮುಖಕ್ಕೆ ಅವರು ‘ಮುಖಾ’ ಎನ್ನುತ್ತಾರೆ, ನಮ್ಮ ಮಹಾಪ್ರಾಣವಿಲ್ಲದೆ ‘ಮುಕ್‌ಹಾ’ ಎಂದು ಬಿಡಿಸಿ. ಶಿಕ್ಷಕ ‘ಗುರೊ’. ಬಡವ ‘ದುಕ್‌ಹಾ’. ನಮ್ಮವರು ದಂಡೆತ್ತಿ ಹೋಗಿ ಬಿತ್ತಿದ ಪದಗಳಲ್ಲ ಇವು, ಜಾವಾ ಮತ್ತು ಮಲಯ ವರ್ತಕರ ಬಾಯಿಂದ ಬಾಯಿಗೆ ದಾಟಿ ಬಂದವು. ಲಗುನಾ ಪ್ರಾಂತ್ಯದಲ್ಲಿ 1980ರ ದಶಕದ ಕೊನೆಗೆ ಒಂದು ತಾಮ್ರಪಟ ಸಿಕ್ಕಿತು, ಈಗ ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಜಾವಾದ ‘ಕವಿ’ ಎಂಬ ಹಳೆಯ ಲಿಪಿ, ಹಳೆಯ ಮಲಯ ಭಾಷೆ. ಆರಂಭ ಮಾತ್ರ ನಮ್ಮ ಶಾಸನಗಳನ್ನು ಓದಿದವರು ಎದ್ದು ಕೂರುವಂಥದ್ದು: ಸ್ವಸ್ತಿ, ಶಕವರ್ಷಾತೀತ 822, ವೈಶಾಖ ಮಾಸ, ಕೃಷ್ಣಪಕ್ಷದ ಚತುರ್ಥಿ, ಸೋಮವಾರ. ಅಂದರೆ ಕ್ರಿ.ಶ. 900, ನಮ್ಮಲ್ಲಿ ರಾಷ್ಟ್ರಕೂಟ ಇಮ್ಮಡಿ ಕೃಷ್ಣ ಆಳುತ್ತಿದ್ದ ಕಾಲ. ಯುದ್ಧ, ದಾನ ಯಾವುದೂ ಅದರಲ್ಲಿಲ್ಲ. ಒಬ್ಬಾತನ ಚಿನ್ನದ ಸಾಲ ತೀರಿತು ಎಂಬ ಋಣಮುಕ್ತಿ ಪತ್ರ ಅದು, ಚಿನ್ನ ತೂಗಿದ ಮಾನಕ್ಕೂ ‘ಸುವರ್ಣ’ ಎಂದೇ ಹೆಸರು.

ನಿಮ್ಮ ಮಗಳ ದಾವಾವ್‌ಗೆ ಬರೋಣ. ಅಲ್ಲಿ ಫಿಲಿಪಿನೋ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಸಂತೆಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಕಿವಿಗೆ ಬೀಳುವುದು ಬಿಸಾಯಾ. ‘ಹಿಂದೀ’ ಅಲ್ಲಿ ‘ದೀಲಿ’ ಆಗುತ್ತದೆ, ‘ಮಗ್ಕಾನೊ’ ಹೋಗಿ ‘ತಗ್‌ಪೀಲಾ’ ಬರುತ್ತದೆ, ‘ಪೊ’ ಆ ಭಾಷೆಯಲ್ಲಿ ಇಲ್ಲವೇ ಇಲ್ಲ. ‘ವಲಾ’ ಮತ್ತು ‘ಸಲಾಮತ್’ ಉಳಿಯುತ್ತವೆ. ನೋವಿಗೆ ಎರಡರಲ್ಲೂ ‘ಸಕಿತ್’. ಎಲ್ಲಿ ನೋವು ಎಂದು ಕೇಳಲು ಮನಿಲಾದ ‘ಸಾನ್’ ಬಿಟ್ಟು ‘ಆಸಾ’ ಕಲಿತುಕೊಳ್ಳಲಿ. ವಾರ್ಡಿನಲ್ಲಿ ಅದೇ ಮೊದಲು ಬೇಕಾಗುವುದು.