ಕಾಫಿ ಚರಟ ಸುರಿದರೆ ಬ್ಲೂಬೆರಿ ಬರುತ್ತದೆಯೇ?

ಪ್ರಶ್ನೆ: ಮೈಸೂರಿನ ನಮ್ಮ ಮನೆಯಂಗಳದಲ್ಲಿ ಬ್ಲೂಬೆರಿ ಗಿಡ ನೆಟ್ಟಿದ್ದೇನೆ. ಮಣ್ಣು ಹುಳಿಯಾಗಲೆಂದು ದಿನವೂ ಕಾಫಿ ಚರಟ ಹಾಕುತ್ತೇನೆ. ಆದರೂ ಎಲೆ ಹಳದಿಯಾಗುತ್ತಿದೆ. ಏನು ಮಾಡಲಿ?

ಮೊದಲು ಚರಟ ನಿಲ್ಲಿಸಿ. ದಸರಾದಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿಬಂದ ಹುರುಪಿಗೆ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ನಾನೂ ಅದೇ ಉತ್ತರ ಬರೆಯುತ್ತೇನೆ.

ಬ್ಲೂಬೆರಿಗೆ ಹುಳಿಮಣ್ಣು ಬೇಕು, ನಿಜ. ಹುಳಿಯನ್ನು ಅಳೆಯುವ ಅಂಕ ಪಿಎಚ್. 7 ಎಂದರೆ ತಟಸ್ಥ, ಅಂಕ ಇಳಿದಷ್ಟೂ ಹುಳಿ ಹೆಚ್ಚು. ಬ್ಲೂಬೆರಿಗೆ ಅದು 4.5ರಿಂದ 5.5ರೊಳಗೆ ಇರಬೇಕು. ಆದರೆ ಚರಟ ಹುಳಿ ಎನ್ನುವುದೇ ಸುಳ್ಳು. ಕಾಫಿಪುಡಿಯಲ್ಲಿರುವ ಹುಳಿ ನೀರಿನಲ್ಲಿ ಕರಗುವಂಥದ್ದು. ಫಿಲ್ಟರಿಗೆ ಕುದಿನೀರು ಹುಯ್ದ ಕೂಡಲೇ ಅದರಲ್ಲಿ ಬಹುಪಾಲು ಡಿಕಾಕ್ಷನ್ ಜೊತೆ ಇಳಿದು, ಹಾಲು ಸಕ್ಕರೆ ಕೂಡಿಕೊಂಡು ನಿಮ್ಮ ಹೊಟ್ಟೆ ಸೇರಿತು. ಮೇಲೆ ಉಳಿದ ಚರಟದ ಪಿಎಚ್ ಸಾಮಾನ್ಯವಾಗಿ 6.5ರ ಆಸುಪಾಸು. ಅದರಲ್ಲಿ ಹುಳಿ ಎಲ್ಲಿಂದ ಬರಬೇಕು? ಪಿಎಚ್‌ನಲ್ಲಿ ಒಂದು ಅಂಕ ಅಂದರೆ ಹತ್ತು ಪಟ್ಟು. 7.5ರ ಮಣ್ಣನ್ನು 5ಕ್ಕೆ ಇಳಿಸುವುದೆಂದರೆ ಆಮ್ಲೀಯತೆಯನ್ನು ಮುನ್ನೂರು ಪಟ್ಟು ಏರಿಸಿದ ಹಾಗೆ. ಬೆಳಗಿನ ಎರಡು ಲೋಟದ ಚರಟದಿಂದ ಆಗುವ ಕೆಲಸವಲ್ಲ! ಸಾಲದ್ದಕ್ಕೆ ಅದು ಒಣಗಿ ಹೆಪ್ಪುಗಟ್ಟಿ ನೀರು ಇಳಿಯದಂತೆ ಮಾಡುತ್ತದೆ. ಬ್ಲೂಬೆರಿಯ ಬೇರು ಮೇಲುಮೇಲೆ ಹರಡುವಂಥದ್ದು, ಬೇರುರೋಮಗಳೂ ಇಲ್ಲ. ಈ ಹಿಂಸೆ ಅದು ತಡೆಯದು.

‘ಹಾಗಾದರೆ ನಿಂಬೆರಸ? ಹುಳಿಮಜ್ಜಿಗೆ?’ ಮಣ್ಣಿನ ಸೂಕ್ಷ್ಮಜೀವಿಗಳು ಆ ಆಮ್ಲವನ್ನು ಬೇಗನೆ ತಿಂದು ಮುಗಿಸುತ್ತವೆ. ಹುಣಸೆನೀರು ಸಾರಿಗಿರಲಿ.

ನಿಮ್ಮ ನಿಜವಾದ ಶತ್ರು ನೀರು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ. ನೀವು ತಂದ ಹುಳಿಯನ್ನೆಲ್ಲ ಅದು ನುಂಗುತ್ತದೆ. ಎಲೆ ಹಳದಿ, ನರ ಹಸಿರು ಎಂದರೆ ಹುಳಿ ಸಾಲದೆ, ಮಣ್ಣಿನಲ್ಲಿ ಕಬ್ಬಿಣವಿದ್ದೂ ಗಿಡಕ್ಕೆ ದಕ್ಕುತ್ತಿಲ್ಲ. ಮಂಡ್ಯದವರು ಕಬ್ಬಿಗೆ ಹಾಕಿದಂತೆ ಕೊಟ್ಟಿಗೆ ಗೊಬ್ಬರ ತುಂಬಿದರೂ ಪ್ರಯೋಜನವಿಲ್ಲ. ಫಲವತ್ತಾದ ತೋಟದ ಮಣ್ಣಿನಲ್ಲಿ ಬ್ಲೂಬೆರಿ ಸೊರಗುತ್ತದೆ, ಸುಣ್ಣ ಅದಕ್ಕೆ ವಿಷ ಎಂದು ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1910ರಲ್ಲೇ ತೋರಿಸಿದ್ದರು.

ಅಂಗಳ ಬಿಡಿ, ದೊಡ್ಡ ಕುಂಡಕ್ಕೆ ಬನ್ನಿ. ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅರೆಕೊಳೆತ ಎಲೆ. ನೆಡುವ ಎರಡು ಮೂರು ತಿಂಗಳ ಮೊದಲೇ ಒಂದಿಷ್ಟು ಗಂಧಕದ ಪುಡಿ. ಗಂಧಕವನ್ನು ಆಮ್ಲ ಮಾಡುವುದು ಬ್ಯಾಕ್ಟೀರಿಯಾ, ಅದಕ್ಕೆ ಸಮಯ ಬೇಕು. ಮಳೆನೀರು ಹಿಡಿದಿಡಿ. ಗೊಬ್ಬರಕ್ಕೆ ಅಮೋನಿಯಂ ಸಲ್ಫೇಟ್, ಚಿಟಿಕೆ ಲೆಕ್ಕದಲ್ಲಿ. ತಳಿ ಮಾತ್ರ ಬಿಲಾಕ್ಸಿಯಂಥ, ಚಳಿ ಹೆಚ್ಚು ಬೇಡದ್ದೇ ಆಗಬೇಕು. ಚೆನ್ನಾಗಿ ಹೂ ಬಿಡಲು ಬ್ಲೂಬೆರಿಗೆ ಇಂತಿಷ್ಟು ಗಂಟೆ ಚಳಿ ಬೇಕು, ಆ ಗಂಟೆ ಎಣಿಸುವುದು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ನಮ್ಮ ಧನುರ್ಮಾಸ ಅಲ್ಲಿಗೆ ಇಳಿಯುವುದೇ ಅಪರೂಪ. ಬುಟ್ಟಿಗಟ್ಟಲೆ ಹಣ್ಣು ನಿರೀಕ್ಷಿಸಬೇಡಿ.

ಕೇಳದಿದ್ದರೂ ಹೇಳಿಬಿಡುತ್ತೇನೆ: ನೇರಳೆ ಬ್ಲೂಬೆರಿಯ ನೆಂಟನಲ್ಲ. ಅದು ಸೀಬೆ, ಲವಂಗಗಳ ಬಳಗ. ಬ್ಲೂಬೆರಿಯ ಸ್ವಂತ ದಾಯಾದಿ ಇರುವುದು ನೀಲಗಿರಿಯ ಶೋಲಾ ಕಾಡಿನಲ್ಲಿ, ವ್ಯಾಕ್ಸಿನಿಯಮ್ ಲೆಶೆನಾಲ್ಟಿ ಎಂಬ ಪುಟ್ಟ ಮರ, ಹಣ್ಣು ತಿನ್ನಬಹುದು. ಊಟಿಗೆ ಹೋದಾಗ ಕಿತ್ತು ತರಬೇಡಿ ಮತ್ತೆ. ನಿಮ್ಮ ಬೋರ್‌ವೆಲ್ ನೀರಿಗೆ ಅದೂ ಹಳದಿಯಾಗುತ್ತದೆ, ಆಮೇಲೆ ನನಗೇ ಇನ್ನೊಂದು ಪತ್ರ.